ಎಮ್ಮೆ ಒಪ್ಪಿದ ಗುಂಡಿ

ರುದ್ರಮುನಿಯವರು ಮೂವತ್ಮೂರು ವರ್ಷ ಜೀಪಿನ ಎಡಗಡೆ ಕೂತವರು. ರಸ್ತೆ ಮಾಡಿಸುವ ಇಲಾಖೆಯಲ್ಲಿ ಇಂಜಿನಿಯರು. ಬೆಳಿಗ್ಗೆ ಜೀಪು ಬರುತ್ತಿತ್ತು, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ, ಇವರು ಎಡಗಡೆಯಿಂದ ಹತ್ತಿ ಎಡಗಡೆಯಿಂದಲೇ ಇಳಿದು ಸಂಜೆ ಮನೆ ಸೇರುತ್ತಿದ್ದರು. ಬಲಗಡೆ ಸೀಟಿನಲ್ಲಿ ಕೂತರೆ ಲೋಕ ಹೇಗೆ ಕಾಣುತ್ತದೆ ಅನ್ನುವುದು ಗೊತ್ತಾಗುವ ಮೊದಲೇ ರಿಟೈರ್‌ಮೆಂಟ್ ಬಂದುಬಿಟ್ಟಿತು. ಒಂದು ಹಾರ, ಒಂದು ಶಾಲು, ಒಂದು ಗೋಡೆ ಗಡಿಯಾರ. ಓರಗೆಯವರೆಲ್ಲ ಪಾರ್ಕಿನಲ್ಲಿ ಕೈ ಬೀಸಿ ನಡೆಯುವುದಕ್ಕೆ, ಗುಂಪು ಕಟ್ಟಿಕೊಂಡು ಜೋರಾಗಿ ನಗುವುದಕ್ಕೆ ಸೇರಿಕೊಂಡರೆ ರುದ್ರಮುನಿ ಡ್ರೈವಿಂಗ್ ಸ್ಕೂಲಿಗೆ ಸೇರಿಕೊಂಡರು. ಆರು ತಿಂಗಳಲ್ಲಿ ಲೈಸೆನ್ಸ್ ಕೈಗೆ ಬಂತು. ಏಳನೇ ತಿಂಗಳು ಒಂದು ಹಳೇ ಜಿಪ್ಸಿ, ನಾಲ್ಕೂ ಚಕ್ರಕ್ಕೆ ಎಳೆತ ಇರುವಂಥದ್ದು, ಬಸವೇಶ್ವರನಗರದ ಅವರ ಮನೆಯ ಗೇಟಿನ ಮುಂದೆ ಬಂದು ನಿಂತಿತು.

ನಿಂತದ್ದು ಸರಿಯಾಗಿ ಅವರ ಹೆಂಡತಿ ಜಯದೇವಿ ದಿನಾ ರಂಗೋಲಿ ಹಾಕುವ ಜಾಗದ ಮೇಲೆ.

"ಏನ್ರೀ ಇದು?"

"ಜಿಪ್ಸಿ."

"ಅದು ಕಾಣುತ್ತೆ. ಎಲ್ಲಿಗೆ ಹೋಗೋಕೆ ಅಂತ?"

"ರಸ್ತೆ ಇಲ್ಲದ ಕಡೆ."

ಜಯದೇವಿ ಗಂಡನನ್ನು ಕಾಲಿನಿಂದ ತಲೆಯವರೆಗೆ ಒಂದು ಸಲ ನೋಡಿದರು. "ಮೂವತ್ಮೂರು ವರ್ಷ ರಸ್ತೆ ಮಾಡಿ ಮಾಡಿ, ಈಗ ರಸ್ತೆ ಇಲ್ಲದ ಕಡೆ ಹೋಗ್ತೀರಾ? ಹಂಗಾದ್ರೆ ಮೊದಲೇ ಸುಮ್ನೆ ಮನೇಲಿ ಕೂತಿದ್ರೆ ಆಗ್ತಿತ್ತಲ್ಲ, ಎಲ್ಲಾ ಕಡೆ ಹೋಗಬಹುದಿತ್ತು."

ರುದ್ರಮುನಿ ಜೇಬಿನಿಂದ ಮೊಬೈಲ್ ತೆಗೆದರು. ಅದರಲ್ಲಿ, ಕೆಂಗೇರಿಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ದುಂಡೇಶನ ಫೋನ್ ನಂಬರ್ ಇತ್ತು. ದುಂಡೇಶ ವಾರವಿಡೀ ಗಾಡಿ ರಿಪೇರಿ ಮಾಡುತ್ತಿದ್ದ, ಭಾನುವಾರ 'ಕೆಸರು ಬಳಗ' ಎಂಬ ಗುಂಪು ಕಟ್ಟಿಕೊಂಡು ಹೋಗಿ ರಿಪೇರಿಗೆ ಬರುವ ಹಾಗೆ ಗಾಡಿ ಓಡಿಸುವುದನ್ನು ಕಲಿಸುತ್ತಿದ್ದ. ಕೆಂಗೇರಿ ದಾಟಿ ಒಳಗೆ ಆರೇಳು ಕಿಲೋಮೀಟರ್ ಹೋದರೆ ಕಲ್ಲುಗುಡ್ಡೆಪಾಳ್ಯ ಅಂತ ನಲವತ್ತು ಮನೆಯ ಊರು. ಆ ಊರಿಗೆ ಹೋಗುವ ಹಳೇ ಗಾಡಿ ಜಾಡು ಬೈರಯ್ಯನವರ ಹೊಲದ ನಡುವೆ ಹಾದುಹೋಗುತ್ತಿತ್ತು. ಜಾಡಿನ ನಟ್ಟನಡುವೆ ಎಮ್ಮೆಗುಂಡಿ. ಬೈರಯ್ಯನವರ ಎಮ್ಮೆ ಚೆಲುವಿ ದಿನಾ ಮಧ್ಯಾಹ್ನ ಅಲ್ಲಿ ಮಲಗುತ್ತಿದ್ದುದರಿಂದ ಆ ಹೆಸರು. ಭಾನುವಾರ ಬೆಳಿಗ್ಗೆ ಅವಳನ್ನು ಎಬ್ಬಿಸಿ ಜೀಪುಗಳನ್ನು ಇಳಿಸುತ್ತಿದ್ದರು. ಅವಳು ದಂಡೆಯ ಮೇಲೆ ನಿಂತು, ಬಾಡಿಗೆ ಮನೆಗೆ ಬೇರೆಯವರು ಬಂದದ್ದನ್ನು ನೋಡುವ ಹಾಗೆ ನೋಡುತ್ತಿದ್ದಳು.

ಮೊದಲ ಪಾಠದ ದಿನ ದುಂಡೇಶ ಹೇಳಿದ: "ಸಾರ್, ಮೊದಲು ನಾಲ್ಕೂ ಟಯರಿಂದ ಗಾಳಿ ಬಿಡಿ."

"ಬೆಳಿಗ್ಗೆ ತಾನೆ ತುಂಬಿಸ್ಕೊಂಡು ಬಂದೆನಲ್ಲಯ್ಯ!"

"ಹದಿನೆಂಟು ಪಾಯಿಂಟಿಗೆ ಇಳಿಸಿ. ಟಯರ್ ಮೆತ್ತಗಾದ್ರೆ ನೆಲ ತಬ್ಬಿಕೊಳ್ಳುತ್ತೆ. ಆಮೇಲೆ ಹೆಬ್ಬೆರಳು ಸ್ಟೀರಿಂಗ್ ಒಳಗಡೆ ಹಾಕಬೇಡಿ, ಕಲ್ಲಿಗೆ ಚಕ್ರ ಬಡಿದ್ರೆ ಸ್ಟೀರಿಂಗ್ ತಿರುಗಿ ಬೆರಳು ಮುರಿಯುತ್ತೆ. ಈ ಸಣ್ಣ ಲಿವರ್ ಇದೆಯಲ್ಲ, ಎಳೆದ್ರೆ ಲೋ ರೇಂಜ್, ವೇಗ ಕಮ್ಮಿ, ಬಲ ಜಾಸ್ತಿ. ಫಸ್ಟ್ ಗೇರ್ ಹಾಕಿ, ಕ್ಲಚ್ ನಿಧಾನಕ್ಕೆ ಬಿಟ್ಟು ಕಾಲು ತೆಗೀರಿ. ಮುಗೀತು."

"ಮುಗೀತು ಅಂದ್ರೆ?"

"ಬ್ರೇಕ್ ಬೇಡ, ಕ್ಲಚ್ ಬೇಡ, ಆಕ್ಸಿಲರೇಟರ್ ಕೂಡ ಬೇಡ. ಗಾಡಿ ತಾನಾಗೇ ಹೋಗುತ್ತೆ, ಗಾಣದ ಎತ್ತಿನ ಥರ. ನೀವು ಸ್ಟೀರಿಂಗ್ ಹಿಡ್ಕೊಂಡು ಸುಮ್ನೆ ಕೂರಿ ಸಾರ್, ಅಷ್ಟೇ."

ಅಷ್ಟೇ. ಆದರೆ ಮೂವತ್ಮೂರು ವರ್ಷ ಗುಂಡಿ ಕಂಡಲ್ಲೆಲ್ಲ "ನಿಲ್ಸಪ್ಪಾ" ಅಂದು ಇಳಿದ ಮನುಷ್ಯ ಗುಂಡಿ ಕಂಡು ಸುಮ್ಮನೆ ಕೂರುವುದು ಹೇಗೆ? ಮುಂದಿನ ಚಕ್ರ ದಂಡೆಗೆ ಬಂತೋ ಇಲ್ಲವೋ ಬಲಗಾಲು ತಾನಾಗಿ ಹೋಗಿ ಬ್ರೇಕಿನ ಮೇಲೆ ಕೂರುತ್ತಿತ್ತು. ಜಿಪ್ಸಿ ಇಳಿಜಾರಿನಲ್ಲಿ ಗಕ್ಕನೆ ನಿಂತು, ಜಾರಿ, ಮೂತಿ ಕೆಸರಿಗೆ ಹಾಕಿ ಹೂತುಹೋಗುತ್ತಿತ್ತು. ಹಗ್ಗ ಕಟ್ಟಿ ಎಳೆಯುವಷ್ಟರಲ್ಲಿ ರುದ್ರಮುನಿ ಪ್ಯಾಂಟು ಮಡಚಿಕೊಂಡು ಗುಂಡಿಗೇ ಇಳಿದು ಟೇಪು ಹಿಡಿದಿರುತ್ತಿದ್ದರು.

"ಸಾರ್, ಗುಂಡಿ ದಾಟೋಕೆ ಇರೋದು, ಅಳೆಯೋಕಲ್ಲ!"

"ನೀರು ಹೋಗೋಕೆ ದಾರೀನೇ ಇಲ್ಲವಲ್ಲೋ ಇದಕ್ಕೆ."

"ಇರಬಾರದು ಸಾರ್! ಇಲ್ಲ ಅಂತಾನೇ ನಾವು ಇಲ್ಲಿಗೆ ಬರೋದು!"

ಹೀಗೆ ಎರಡು ತಿಂಗಳು. ಪ್ರತಿ ಭಾನುವಾರ ಮಧ್ಯಾಹ್ನ ಜಯದೇವಿ ಒಂದೇ ಪ್ರಶ್ನೆ ಕೇಳುವರು, "ದಾಟಿದ್ರಾ?" ರುದ್ರಮುನಿ ಒಂದೇ ಉತ್ತರ ಕೊಡುವರು, "ಬಿಸಿನೀರು ಇದೆಯಾ?" ಕೊನೆಗೆ ಒಂದು ಶನಿವಾರ ಪಕ್ಕದ ಮನೆಯ ಕೊಟ್ರೇಶ್ ಬಂದು ಜಿಪ್ಸಿಯನ್ನು ಮೂರು ಸುತ್ತು ಹಾಕಿದ. ಮದುವೆಗೆ ಶಾಮಿಯಾನ, ಹೂವಿನ ಅಲಂಕಾರ ಮಾಡಿಸುವವನು. "ಆಂಟಿ, ಇದರ ಮೇಲ್ಛಾವಣಿ ತೆಗೆದು, ಪಿಂಕ್ ಪೇಂಟ್ ಹೊಡೆದು, ಬಾನೆಟ್ ಮೇಲೆ ಹೂವಿನ ನವಿಲು ಕೂರಿಸಿದ್ರೆ ಗಂಡಿನ ಮೆರವಣಿಗೆಗೆ ಏ ಒನ್. ಕೊಡೋದಾದ್ರೆ ನನಗೇ ಹೇಳಿ."

ಪಿಂಕ್ ಅಂದ ಕೂಡಲೇ ರುದ್ರಮುನಿ ಹೋಗಿ ಬಾನೆಟ್ಟಿಗೆ ಅಡ್ಡ ನಿಂತರು. ಜಯದೇವಿ ಮಾತ್ರ ತೀರ್ಪು ಕೊಟ್ಟೇಬಿಟ್ಟರು. "ಮೂರು ಭಾನುವಾರ ಟೈಮು. ಅಷ್ಟರೊಳಗೆ ಆ ಗುಂಡಿ ದಾಟಿದ್ರೆ ಗಾಡಿ ಇರಲಿ, ನನ್ನ ರಂಗೋಲಿ ಎಲ್ಲಾದ್ರೂ ಹಾಕ್ಕೋತೀನಿ. ದಾಟಲಿಲ್ಲವಾ, ನವಿಲು ಕೂರಿಸ್ಕೊಳ್ಳಪ್ಪ ಅಂತ ಕೊಟ್ರೇಶನಿಗೆ ಕೊಟ್ಟುಬಿಡೋಣ. ಓಡದ ಗಾಡಿಗೆ ಬಾಗಿಲು ಕಾಯೋ ಕೆಲಸ ಯಾಕೆ?"

ಮೊದಲ ಭಾನುವಾರ ಕಾಲು ಬ್ರೇಕಿಗೆ ಹೋಯಿತು, ಜಿಪ್ಸಿ ಕೆಸರಿಗೆ ಹೋಯಿತು.

ಸೋಮವಾರ ರುದ್ರಮುನಿ ಹಳೇ ಕಂಟ್ರಾಕ್ಟರ್ ಉಗ್ರಪ್ಪನಿಗೆ ಫೋನ್ ಮಾಡಿದರು. ಮನಸ್ಸಿನಲ್ಲಿ ಇದ್ದದ್ದು ಇಷ್ಟೇ: ಗುಂಡಿಯ ಪಕ್ಕ ಒಂದು ಸಣ್ಣ ಚರಂಡಿ ತೋಡಿದರೆ ಒಂದಡಿ ನೀರು ಕಮ್ಮಿಯಾಗುತ್ತದೆ, ಹೊಸಬರಿಗೆ ಸ್ವಲ್ಪ ಸಲೀಸು. ಅಷ್ಟನ್ನೇ ಹೇಳಿದರು. ಆ ಕಡೆ ಕುರ್ಚಿ ಸರಿದ ಸದ್ದಾಯಿತು, ಉಗ್ರಪ್ಪ ಎದ್ದು ನಿಂತಿದ್ದ.

"ಉಗ್ರಪ್ಪಾ? ಕೇಳಿಸ್ತಾ ಇದೆಯಾ?"

"ಕೇಳಿಸ್ತು ಸಾರ್. ವರ್ಷ ಆಗೋಯ್ತು ನಿಮ್ಮ ಬಾಯಲ್ಲಿ ಚರಂಡಿ ಅನ್ನೋ ಮಾತು ಕೇಳಿ. ಲೊಕೇಶನ್ ಕಳಿಸಿ ಸಾರ್. ನೀವು ಆ ಕಡೆ ತಲೆ ಹಾಕಬೇಡಿ, ನಾನು ನೋಡ್ಕೋತೀನಿ."

ಎರಡನೇ ಭಾನುವಾರ ಕೆಸರು ಬಳಗದ ಹದಿನಾಲ್ಕು ಜೀಪುಗಳು ಹಗ್ಗ, ಹಾರೆ, ಗುದ್ದಲಿ, ಹಲಗೆಗಳ ಸಮೇತ ಕಲ್ಲುಗುಡ್ಡೆಪಾಳ್ಯದ ತಿರುವಿಗೆ ಬಂದು ಒಂದರ ಹಿಂದೆ ಒಂದು ನಿಂತವು. ಎದುರಿಗೆ ರಸ್ತೆ. ಕಪ್ಪಗೆ, ನುಣ್ಣಗೆ, ಮಾವಿನ ತೋಪಿನ ತನಕ ಎಣ್ಣೆ ಹಚ್ಚಿ ಬಾಚಿದ ಜಡೆಯ ಹಾಗೆ ಮಲಗಿದ ರಸ್ತೆ. ಎರಡೂ ಕಡೆ ಚರಂಡಿ. ಎಮ್ಮೆಗುಂಡಿ ಇದ್ದ ಜಾಗದಲ್ಲಿ ಒಂದು ಮೋರಿ, ಮೋರಿಗೆ ಎರಡು ಕಟ್ಟೆ, ಕಟ್ಟೆಗೆ ಸುಣ್ಣ. ಪಕ್ಕದಲ್ಲಿ ಕುಂಕುಮ ಹಚ್ಚಿಸಿಕೊಂಡ ರೋಲರು. ರೋಲರಿನ ಪಕ್ಕ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಉಗ್ರಪ್ಪ.

"ನಿಮ್ಮ ಬೀಳ್ಕೊಡುಗೆಗೆ ಬರೋಕಾಗಲಿಲ್ಲ ಸಾರ್, ನಮ್ಮ ಬೀಗರ ಮನೇಲಿ ಸಾವಾಗಿತ್ತು. ಇದು ನನ್ನ ಕಾಣಿಕೆ ಅಂತ ತಿಳ್ಕೊಳ್ಳಿ. ರೋಲರ್ ಸುಮ್ನೆ ನಿಂತಿತ್ತು, ಹುಡುಗರೂ ಸುಮ್ನೆ ಕೂತಿದ್ರು."

"ಚರಂಡಿ ಹೇಳಿದ್ದೆನಲ್ಲಯ್ಯ ನಾನು!"

"ಚರಂಡಿ ಮಾಡಿದ ಮೇಲೆ ರಸ್ತೆ ಇಲ್ಲದೆ ಬಿಟ್ಟರೆ ಮರ್ಯಾದೆನಾ ಸಾರ್? ನೀವೇ ಕಲಿಸಿದ್ದು."

"ಮತ್ತೆ ಅಲ್ಲಿ ಹಂಪ್ ಯಾಕೆ?"

"ರಸ್ತೆ ಚೆನ್ನಾಗಿದೆಯಲ್ಲ, ಜನ ಜೋರಾಗಿ ಬರ್ತಾರೆ."

ದುಂಡೇಶ ಆ ಹಂಪಿನ ಮೇಲೆಯೇ ಕುಕ್ಕರಿಸಿ ತಲೆಯ ಮೇಲೆ ಕೈ ಹೊತ್ತಿದ್ದ. "ಹನ್ನೆರಡು ವರ್ಷದಿಂದ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದೆ ಸಾರ್ ಈ ಗುಂಡೀನ. ಎಂಥ ಗುಂಡಿ! ದೊಡ್ಡ ದೊಡ್ಡ ಗಾಡಿಗಳು ಅತ್ತುಕೊಂಡು ಹೋಗಿದಾವೆ ಇಲ್ಲಿಂದ."

ಅಷ್ಟು ಹೊತ್ತಿಗೆ ಊರ ಕಡೆಯಿಂದ ಬೈರಯ್ಯ, ಅವರ ಹಿಂದೆ ಮೂವತ್ತು ಜನ, ಜನರ ಹಿಂದೆ ಒಂದು ತಮಟೆ. ಬೈರಯ್ಯ ಸೇವಂತಿಗೆ ಹಾರ ತಂದು ರುದ್ರಮುನಿಯವರ ಕೊರಳಿಗೆ ಹಾಕಿದರು. "ನಮ್ಮಪ್ಪನ ಕಾಲದಿಂದ ಅರ್ಜಿ ಬರೆದು ಬರೆದು ಸಾಕಾಗಿತ್ತು ಸಾಮಿ. ನೀವು ಕೆಸರಲ್ಲಿ ನಿಂತು ಅಳತೆ ತಗೋವಾಗಲೇ ಅಂದ್ಕೊಂಡೆ, ಈ ಮನುಷ್ಯ ಆಟಕ್ಕೆ ಬಂದಿಲ್ಲ, ಕೆಲಸಕ್ಕೆ ಬಂದವ್ರೆ ಅಂತ." ಆಮೇಲೆ ಜೀಪಿನವರ ಕಡೆ ತಿರುಗಿ, "ನೋಡ್ರಪ್ಪಾ, ಗುಂಡಿ ಇದ್ದಾಗ ಬಂದ್ರಿ, ಬ್ಯಾಡ ಅನ್ನಲಿಲ್ಲ. ಈಗ ರೋಡ್ ಐತೆ. ಆ ಮುಳ್ಳು ಮುಳ್ಳು ಟಯರ್ ತಂದು ಉತ್ತು ಹಾಕಬ್ಯಾಡಿ," ಎಂದರು.

ರುದ್ರಮುನಿಯವರ ಸ್ಥಿತಿ ಏನು ಹೇಳುವುದು! ಒಂದು ಕಣ್ಣಿಗೆ ತಮ್ಮ ಜಿಪ್ಸಿಯ ಬಾನೆಟ್ಟಿನ ಮೇಲೆ ನವಿಲು ರೆಕ್ಕೆ ಬಿಚ್ಚುವುದು ಕಾಣುತ್ತಿತ್ತು. ಇನ್ನೊಂದು ಕಣ್ಣಿಗೆ ರಸ್ತೆಯ ನಡುವಿನ ಉಬ್ಬು, ಅಂಚಿನ ಇಳಿಜಾರು ಕಾಣುತ್ತಿತ್ತು. ಬಹಳ ಚೆನ್ನಾಗಿ ಬಂದಿತ್ತು ಹಾಳಾದ್ದು. ಸರ್ವೀಸಿನಲ್ಲಿ ಇಷ್ಟು ಒಳ್ಳೆಯ ರಸ್ತೆ ಅವರು ಮಾಡಿಸಿರಲಿಲ್ಲ. ಎಲ್ಲರ ಒತ್ತಾಯಕ್ಕೆ ತೆಂಗಿನಕಾಯಿ ಒಡೆದು ಜಿಪ್ಸಿಯನ್ನು ಆ ತುದಿಯಿಂದ ಈ ತುದಿಗೆ ಓಡಿಸಿದರು. ಒಂದು ಸಲವೂ ಕಾಲು ಬ್ರೇಕಿಗೆ ಹೋಗಲಿಲ್ಲ.

ಹಾರ ಹಾಕಿಕೊಂಡೇ ಮನೆಗೆ ಬಂದ ಗಂಡನನ್ನು ಕಂಡು ಜಯದೇವಿ ಎದ್ದು ನಿಂತರು. "ದಾಟಿದ್ರಾ!"

"ದಾಟಿದೆ. ಅಂದ್ರೆ... ಗುಂಡಿ ಇದ್ದ ಜಾಗ ದಾಟಿದೆ."

"ಗುಂಡಿ ಎಲ್ಲಿ ಹೋಯ್ತು?"

"ರಸ್ತೆ ಆಯ್ತು ಕಣೇ."

ಜಯದೇವಿ ಮತ್ತೆ ಕೂತರು. "ಬೇರೆಯವರು ನಡೆದ ಕಡೆ ಹುಲ್ಲು ಸಾಯುತ್ತೆ. ನೀವು ಹೋದ ಕಡೆ ಗುಂಡೀನೇ ಸಾಯುತ್ತಲ್ರೀ! ಇಲ್ಲದ ಗುಂಡಿ ದಾಟಿದ್ದು ನಡೆಯಲ್ಲ. ಇನ್ನೊಂದೇ ಭಾನುವಾರ ಉಳಿದಿರೋದು."

ಹಾಗಾದರೆ ಗುಂಡಿ ವಾಪಸು ಬರಬೇಕು. ರುದ್ರಮುನಿ ಉಗ್ರಪ್ಪನಿಗೆ ಫೋನ್ ಮಾಡಿ, ಮೋರಿಯಿಂದ ಈಚೆಗೆ ಒಂದು ಇಪ್ಪತ್ತಡಿ ಅಗೆದುಬಿಡಯ್ಯ ಅಂದರು. ಉಗ್ರಪ್ಪ ಜನ್ಮದಲ್ಲಿ ಮೊದಲ ಸಲ ಅವರ ಮಾತಿಗೆ ಇಲ್ಲ ಅಂದ. "ಕೈ ಮುಗೀತೀನಿ ಸಾರ್, ನನ್ನ ಕೈಲಿ ಮಾಡಿಸಬೇಡಿ. ರೋಡ್ ಮಾಡೋರೇ ಬೇರೆ, ಮಾಡಿದ ಮಾರನೇ ದಿನ ಬಂದು ಅಗೆಯೋರೇ ಬೇರೆ. ಒಬ್ಬರ ಕಸುಬಿಗೆ ಇನ್ನೊಬ್ಬರು ಕೈ ಹಾಕಬಾರದು."

ದಾರಿ ತೋರಿಸಿದ್ದು ಚೆಲುವಿ. ಮಲಗುವ ಜಾಗ ಕಳೆದುಕೊಂಡ ಅವಳು ಸೋಮವಾರ ಬೆಳಿಗ್ಗೆಯೇ ರಸ್ತೆಯ ನಟ್ಟನಡುವೆ, ಹಂಪಿಗೆ ತಲೆಯಿಟ್ಟು ಮಲಗಲು ಶುರು ಮಾಡಿದ್ದಳು. ಹಾಲಿನ ಗಾಡಿ ಬಂದರೂ ಏಳಲಿಲ್ಲ, ತಮಟೆ ಬಡಿದರೂ ಏಳಲಿಲ್ಲ. ಮಧ್ಯಾಹ್ನಕ್ಕೆ ಬೈರಯ್ಯನವರೇ ಫೋನ್ ಮಾಡಿದರು: "ಸಾಮಿ, ರಸ್ತೆ ಕೊಟ್ರಿ, ಪುಣ್ಯ ಬರಲಿ. ಆದ್ರೆ ನಮ್ಮ ಎಮ್ಮೆಗೊಂದು ಗುಂಡಿ ಮಾಡಿಕೊಡಿ. ಹೊಂಗೆ ಮರದ ಪಕ್ಕ ಜಾಗ ಬಿಡ್ತೀನಿ. ನಿಮ್ಮ ಜೀಪೂ ಅಲ್ಲೇ ಇಳಿಸ್ಕೊಳ್ಳಿ."

ರುದ್ರಮುನಿ ಸೋಮವಾರ, ಮಂಗಳವಾರ ಎರಡು ಸಂಜೆ ಊಟದ ಮೇಜಿನ ಮೇಲೆ ಗ್ರಾಫ್ ಹಾಳೆ ಹರಡಿಕೊಂಡು ಕೂತರು. ರೊಟ್ಟಿ ತಟ್ಟೆ ಇಡಲು ಜಾಗ ಸಿಗದ ಜಯದೇವಿ ಬಗ್ಗಿ ನೋಡಿದರು. "ಗುಂಡಿಗೂ ನಕ್ಷೆನಾ?"

"ನಕ್ಷೆ ಇಲ್ಲದೆ ಗುಂಡಿ ಮಾಡೋಕೆ ನಾನೇನು ಮಳೆನಾ?"

ಬುಧವಾರ ಬಳಗದ ಹುಡುಗರು ಗುದ್ದಲಿ ತಂದರು. ರುದ್ರಮುನಿ ದಾರ ಹಿಡಿದು ನಿಂತರು. ಸಂಜೆಗೆ ಗುಂಡಿ ತಯಾರಾಯಿತು. ನಾಲ್ಕು ಮೂಲೆ, ನಾಲ್ಕೂ ಸಮ. ಇಳಿಯುವ ಕಡೆ ಎಷ್ಟು ಇಳಿಜಾರೋ ಹತ್ತುವ ಕಡೆ ಅಷ್ಟೇ. ತಳಕ್ಕೆ ದಿಮ್ಮಿಸಿ ಬಡಿದ ಮಣ್ಣು. ಒಂದು ಮೂಲೆಯಲ್ಲಿ ನೀರು ಹೋಗಲು ಒಂದು ಪುಟ್ಟ ಕಂಡಿ, ಅದನ್ನು ಯಾರೂ ನೋಡದಿದ್ದಾಗ ರುದ್ರಮುನಿಯೇ ಮಾಡಿದ್ದರು.

ದುಂಡೇಶ ಸುತ್ತಲೂ ನಡೆದು ನೋಡಿದ. "ಸಾರ್, ಬೇಜಾರು ಮಾಡ್ಕೋಬೇಡಿ. ಇದು ಗುಂಡಿ ಅಲ್ಲ. ಟೈಲ್ಸ್ ಒಂದು ಹಾಕಿಬಿಟ್ರೆ ಟಿಕೆಟ್ ಇಟ್ಟು ಈಜು ಕಲಿಸಬಹುದು."

"ಗುಂಡಿನೋ ಅಲ್ಲವೋ ಅಂತ ಹೇಳೋಕೆ ನೀನ್ಯಾರಯ್ಯ?"

"ಅದೂ ಸರಿ," ಎಂದರು ಬೈರಯ್ಯ. "ಚೆಲುವಿ ಹೇಳಲಿ."

ಕೊಡದಲ್ಲಿ ನೀರು ತಂದು ಸುರಿದು ಚೆಲುವಿಯನ್ನು ಕರೆತಂದರು. ಕೆಲಸ ನೋಡಲು ಬಂದ ಉಗ್ರಪ್ಪ ಅಭ್ಯಾಸಬಲದಿಂದ ಶರ್ಟಿನ ಗುಂಡಿ ಹಾಕಿಕೊಂಡು, ಪರಿಶೀಲನೆಗೆ ಬಂದ ಮೇಲಧಿಕಾರಿಯ ಮುಂದೆ ನಿಲ್ಲುವ ಹಾಗೆ ಪಕ್ಕಕ್ಕೆ ನಿಂತ. ಚೆಲುವಿ ಒಂದು ಮೂಲೆ ಮೂಸಿದಳು. ಇನ್ನೊಂದು ಮೂಲೆ ಮೂಸಿದಳು. ಕಂಡಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಾಲ ಎತ್ತಿ ಸೆಗಣಿ ಹಾಕಿ, ಹಿಂತಿರುಗಿ ನಡೆದು ಹಂಪಿಗೆ ತಲೆಯಿಟ್ಟು ಮಲಗಿದಳು.

"ರಿಜೆಕ್ಟ್," ಅಂದ ಉಗ್ರಪ್ಪ ಮೆಲ್ಲಗೆ.

ಸರ್ವೀಸಿನಲ್ಲಿ ಒಂದೂ ಕಪ್ಪು ಚುಕ್ಕೆ ಇಲ್ಲದ ರುದ್ರಮುನಿ ಆವತ್ತು ಮನೆಗೆ ಬಂದು ಊಟ ಬೇಡ ಅಂದರು.

ಕಾಪಾಡಿದ್ದು ಗುರುವಾರದ ಮಳೆ. ಗುರುವಾರ ಸುರಿಯಿತು, ಶುಕ್ರವಾರವೂ ಸುರಿಯಿತು. ನಾಲ್ಕು ಮೂಲೆಯಲ್ಲಿ ಮೂರು ಕುಸಿದವು, ದಂಡೆ ಬಾಯಿ ಬಿಟ್ಟಿತು, ಕಂಡಿ ಮುಚ್ಚಿಹೋಯಿತು, ತಳ ಪಾಯಸವಾಯಿತು. ಶನಿವಾರ ಬೆಳಿಗ್ಗೆ ಬೈರಯ್ಯನವರ ಫೋನ್.

"ಸಾಮಿ, ಎಮ್ಮೆ ಇಳೀತು!"

ರುದ್ರಮುನಿ ಹಲ್ಲುಜ್ಜುವ ಬ್ರಷ್ ಹಿಡಿದೇ ಕುರ್ಚಿಗೆ ಕೂತರು. "ಪೂರ್ತಿನಾ?"

"ಕಿವೀವರೆಗೂ!"

ಮೂರನೇ ಭಾನುವಾರ ಜಯದೇವಿ ಸಾಕ್ಷಿಯಾಗಿ ತಾವೇ ಹೊರಟರು. ಮಡಿಲಲ್ಲಿ ಅವಲಕ್ಕಿ ಡಬ್ಬಿ. ಜಿಪ್ಸಿಯ ಎಡಗಡೆ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಹೂಂ, ನಡೀರಿ" ಅಂದರು. ಚೆಲುವಿಯನ್ನು ಎಬ್ಬಿಸಿದರು. ಗಾಳಿ ಬಿಟ್ಟರು, ಲಿವರ್ ಎಳೆದರು.

ಮೊದಲ ಸಲ ದಂಡೆ ಬಂತು, ಕಾಲು ಬ್ರೇಕಿಗೆ. ಹಗ್ಗ ಕಟ್ಟಿ ಎಳೆದರು. ಎರಡನೇ ಸಲವೂ ಅದೇ.

"ಕಾಲು, ಸಾರ್, ಕಾಲು!" ದುಂಡೇಶ ಬಾಯಿ ಬಡಿದುಕೊಂಡ.

"ನಾನು ಇಡ್ತಾ ಇಲ್ಲಯ್ಯ, ಅದೇ ಹೋಗ್ತಾ ಇದೆ!"

ಜಯದೇವಿ ಮೊಬೈಲ್ ತೆಗೆದು ಕೊಟ್ರೇಶನ ನಂಬರ್ ಹುಡುಕತೊಡಗಿದರು. ರುದ್ರಮುನಿ ಅದನ್ನು ನೋಡಿದರು. ತಮ್ಮ ಬಲಗಾಲನ್ನು ನೋಡಿದರು. ಈ ಕಾಲು ಮೂವತ್ಮೂರು ವರ್ಷ ಇಲಾಖೆಯ ಅನ್ನ ತಿಂದ ಕಾಲು, ಬೈದರೆ ಕೇಳುವುದಲ್ಲ. ಇದು ಸುಮ್ಮನಿರುವುದು ಒಂದೇ ಹೊತ್ತಿನಲ್ಲಿ, ಪಂಕ್ತಿಯಲ್ಲಿ ಎಲೆಯ ಮುಂದೆ ಕೂತಾಗ.

ಅವರು ಚಪ್ಪಲಿ ಬಿಟ್ಟರು. ಗೇರ್ ಹಾಕಿ, ಕ್ಲಚ್ ಮೆಲ್ಲಗೆ ಬಿಟ್ಟು, ಗಾಡಿ ಹೊರಟ ಕೂಡಲೇ ಎರಡೂ ಕಾಲು ಮೇಲಕ್ಕೆತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

"ರೀ! ಏನ್ರೀ ಇದು!"

"ಸುಮ್ನಿರು, ಊಟಕ್ಕೆ ಕೂತಿದೀನಿ."

ಜಿಪ್ಸಿ ದಂಡೆಗೆ ಬಂತು. ಮೂತಿ ಕೆಳಗೆ ಮಾಡಿತು. ಜಯದೇವಿ "ಶಿವಶಿವಾ" ಅನ್ನುತ್ತ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಹಿಡಿಕೆ ಹಿಡಿದರು. ಕೆಸರು ಬಾಗಿಲಿನ ತನಕ ಬಂತು. ಯಾರೂ ಏನೂ ಮಾಡಲಿಲ್ಲ. ಇಂಜಿನ್ ಗುರುಗುಟ್ಟಿತು, ಒಂದು ಚಕ್ರ ಸುಮ್ಮನೆ ತಿರುಗಿ ಆಮೇಲೆ ಏನನ್ನೋ ಕಚ್ಚಿ ಹಿಡಿಯಿತು. ಮೂತಿ ಮೇಲಕ್ಕೆ ಬಂತು, ಆಕಾಶ ಕಂಡಿತು, ಹೊಂಗೆ ಮರ ಕಂಡಿತು. ಗಾಡಿ ಆಚೆ ದಡದಲ್ಲಿತ್ತು.

ಸಿಳ್ಳೆ, ಚಪ್ಪಾಳೆ, ತಮಟೆ. ದುಂಡೇಶ ಕುಣಿದ. ಜಿಪ್ಸಿ ಮಾತ್ರ ನಿಲ್ಲಲಿಲ್ಲ.

"ಸಾಕು ಸಾರ್, ನಿಲ್ಸಿ!"

"ಆಗ್ತಿಲ್ಲಯ್ಯ, ಮಂಡಿ ಹಿಡ್ಕೊಂಡ್ಬಿಟ್ಟಿದೆ!" ಅರವತ್ತೊಂದು ವರ್ಷದ ಮಂಡಿ ಮಡಚಿಕೊಂಡದ್ದು ಬಿಚ್ಚಿಕೊಳ್ಳಲಿಲ್ಲ. ಗಾಡಿ ನಡಿಗೆಯ ವೇಗದಲ್ಲಿ ಬೈರಯ್ಯನವರ ಹುರುಳಿ ಹೊಲದ ಬದು ಹತ್ತಿ, ಇಳಿದು, ರಸ್ತೆ ಸೇರಿ, ಊರ ಕಡೆ ಹೊರಟಿತು. ಜನ ಪಕ್ಕದಲ್ಲೇ ನಡೆಯುತ್ತ ಬಂದರು.

"ಬ್ರೇಕ್ ಸಾರ್, ಬ್ರೇಕ್!"

"ಎರಡು ತಿಂಗಳಿಂದ ಬ್ರೇಕ್ ಬೇಡ ಬೇಡ ಅಂತ ಪ್ರಾಣ ತಿಂದೆ, ಈಗ ಬೇಕಾ ನಿಂಗೆ?"

"ಆಂಟಿ, ನೀವಾದ್ರೂ ಕೀ ತಿರುಗಿಸಿ, ಆಫ್ ಆಗುತ್ತೆ!"

"ಇರಪ್ಪಾ ದುಂಡೇಶ," ಅಂದರು ಜಯದೇವಿ. ಅವರು ಹಿಡಿಕೆ ಬಿಟ್ಟಿದ್ದರು. ಡಬ್ಬಿ ತೆಗೆದು ಪಕ್ಕದಲ್ಲಿ ನಡೆಯುತ್ತಿದ್ದ ಒಬ್ಬ ಅಜ್ಜಿಯ ಕೈಗೆ ಅವಲಕ್ಕಿ ಹಾಕುತ್ತಿದ್ದರು. "ಏನ್ರೀ, ಒಂದು ಮಾತು. ಇದು ಇಷ್ಟೇನಾ? ಸುಮ್ನೆ ಕೂರೋದಾ?"

"ಇಷ್ಟೇ ಕಣೇ."

"ಇದಕ್ಕೆ ಎರಡು ತಿಂಗಳು ಬೇಕಾಯ್ತಾ ನಿಮಗೆ?"

ಮೋರಿಯ ಹತ್ತಿರ ಬಂದಾಗ ಜಯದೇವಿ ಕೀ ತಿರುಗಿಸಿದರು. ನಾಲ್ಕು ಜನ ರುದ್ರಮುನಿಯವರನ್ನು ಮಡಚಿದ ಹಾಗೆಯೇ ಎತ್ತಿ ತಂದು ಸುಣ್ಣ ಬಳಿದ ಕಟ್ಟೆಯ ಮೇಲೆ, ಗದ್ದುಗೆಯ ಮೇಲೆ ಸ್ವಾಮಿಗಳನ್ನು ಕೂರಿಸುವಂತೆ ಕೂರಿಸಿದರು. ಅವಲಕ್ಕಿ ಅಜ್ಜಿ ಎದುರು ಬಂದು ಕೈ ಮುಗಿದಳು. ಬೈರಯ್ಯ ಎಳನೀರು ಕೆತ್ತಿಸಿದರು. ಉಗ್ರಪ್ಪ ಮಂಡಿಗೆ ಹರಳೆಣ್ಣೆ ತಿಕ್ಕತೊಡಗಿದ.

ಜಯದೇವಿ ಕೊಟ್ರೇಶನಿಗೆ ಫೋನ್ ಮಾಡಿದರು. "ಇಲ್ಲಪ್ಪ ಕೊಟ್ರೇಶ್, ಕೊಡಲ್ಲ. ನವಿಲಿಗೆ ಬೇರೆ ಗಾಡಿ ನೋಡ್ಕೋ." ಫೋನಿಟ್ಟು, ಜಿಪ್ಸಿಯನ್ನು ಸುತ್ತಿ ಬಂದು, ಬಲಗಡೆ ಬಾಗಿಲು ತೆಗೆದು ಹತ್ತಿ ಕೂತರು. ಸೀಟು ಮುಂದಕ್ಕೆ ಎಳೆದುಕೊಂಡರು. "ದುಂಡೇಶ, ಆ ಸಣ್ಣ ಲಿವರ್ ಮುಂದಕ್ಕೋ ಹಿಂದಕ್ಕೋ?"

"ಏ, ಲೈಸೆನ್ಸ್ ಇಲ್ಲ ಕಣೇ ನಿಂಗೆ!" ಕಟ್ಟೆಯ ಮೇಲಿಂದ ರುದ್ರಮುನಿ ಕೂಗಿದರು.

"ಗುಂಡಿಗೆ ಯಾವ ಲೈಸೆನ್ಸ್ ರೀ? ದುಂಡೇಶ, ನೀನು ಆ ಹೊಂಗೆ ಮರದ ತನಕ ಓಡಿಸಿ ಕೊಡು, ಅಲ್ಲಿಂದ ನಾನು ನೋಡ್ಕೋತೀನಿ."

ಹೊಂಗೆ ಮರದ ಕೆಳಗೆ ಆಗತಾನೆ ಮತ್ತೆ ಕಿವಿಯವರೆಗೆ ಇಳಿದು ಕಣ್ಣು ಮುಚ್ಚಿದ್ದ ಚೆಲುವಿ, ಇಂಜಿನ್ನಿನ ಸದ್ದಿಗೆ ಒಂದು ಕಣ್ಣು ತೆರೆದಳು.